ಕಂಪನಿ ಮಾರಾಟವಾಯಿತು, ಹಣ ಯಾರ ಕೈಗೆ ಬಂತು?



ಕಳೆದ ಸಭೆ ಮುಗಿದು ಚಹಾ ಕುಡಿಯುವ ಹೊತ್ತಿನಲ್ಲಿ ಪತ್ತಿಕೊಂಡದ ಸದಸ್ಯರೊಬ್ಬರು ಮಗನ ನೌಕರಿಯ ವಿಷಯ ತೆಗೆದರು. ಬೆಂಗಳೂರಿನ ಆಟದ ಆ್ಯಪ್ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಸಂಬಳ ಈಗಿನದಕ್ಕಿಂತ ಕಡಿಮೆ, ಆದರೆ ಜೊತೆಗೆ ಷೇರು ಕೊಡುತ್ತಾರಂತೆ. "ನಾಳೆ ಯಾವುದಾದರೂ ದೊಡ್ಡ ಕಂಪನಿ ಕೊಂಡುಕೊಂಡರೆ ಜೀವನವೇ ಬದಲಾಗುತ್ತೆ ಅಂತ ಹೇಳಿದ್ದಾರೆ, ಹೌದಾ?" ಎಂಬುದು ಅವರ ಪ್ರಶ್ನೆ. ಆದೋನಿ, ಆಲೂರು, ಬಳ್ಳಾರಿ ಕಡೆಯ ಮನೆಗಳಲ್ಲೂ ಇದೇ ಮಾತು ನಡೆಯುತ್ತಿರುವುದರಿಂದ, ಈ ಸಲ ಇದನ್ನೇ ಬರೆಯುತ್ತಿದ್ದೇವೆ.

ಹಿಂದೆ ಆದದ್ದನ್ನು ನೋಡೋಣ. ಫೇಸ್‌ಬುಕ್‌ನಲ್ಲಿ ಜನ ಹೊಲ ಉಳುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಝಿಂಗಾ ಎಂಬ ಅಮೆರಿಕದ ಕಂಪನಿಯ ಫಾರ್ಮ್‌ವಿಲ್ ಆಟ 2009ರ ಜೂನ್‌ನಲ್ಲಿ ಬಂತು. ಸ್ಟ್ರಾಬೆರಿ ನಾಲ್ಕೇ ತಾಸಿಗೆ ಫಲ ಕೊಡುತ್ತಿತ್ತು. ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಬೆಳೆ ಒಣಗುತ್ತಿತ್ತು. ಕಚೇರಿಯಲ್ಲಿ ಕುಳಿತವರು ಮಧ್ಯರಾತ್ರಿ ಎದ್ದು ಇಲ್ಲದ ಹೊಲ ನೋಡಿಕೊಳ್ಳುತ್ತಿದ್ದರು. (ಇರುವ ಹೊಲ ನೋಡಿಕೊಳ್ಳಲು ಆಳು ಸಿಗದ ನಮಗೆ ಇದು ಆಗಲೂ ನಗು ತರಿಸಿತ್ತು.) 2010ರಲ್ಲಿ ಝಿಂಗಾ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅಮೆರಿಕದ ಹೊರಗೆ ಅದರ ಮೊದಲ ಕಚೇರಿ ಅದೇ.

ಅದೇ 2010ರ ಆಗಸ್ಟ್‌ನಲ್ಲಿ ಗೂಗಲ್ ಸಂಸ್ಥೆ ಸ್ಲೈಡ್ ಎಂಬ ಕಂಪನಿಯನ್ನು ಕೊಂಡಿತು. ಪೇಪಾಲ್ ಸ್ಥಾಪಕರಲ್ಲೊಬ್ಬರಾದ ಮ್ಯಾಕ್ಸ್ ಲೆವ್ಚಿನ್ ಕಟ್ಟಿದ ಕಂಪನಿ ಅದು. ಫೇಸ್‌ಬುಕ್ ಗೆಳೆಯರಿಗೆ ತಮಾಷೆಯ ಚಿತ್ರ ಕಳಿಸುವಂಥ ಆ್ಯಪ್‌ಗಳು ಅದರ ಬಂಡವಾಳ. 2008ರಲ್ಲಿ ಹೂಡಿಕೆದಾರರು ಅದಕ್ಕೆ 50 ಕೋಟಿ ಡಾಲರ್‌ಗೂ ಹೆಚ್ಚಿನ ಬೆಲೆ ಕಟ್ಟಿದ್ದರು. ಗೂಗಲ್ ಕೊಟ್ಟದ್ದು ಸುಮಾರು 18 ಕೋಟಿ ಡಾಲರ್ ಎಂದು ಆಗ ವರದಿಯಾಯಿತು. ಸುಮಾರು ಒಂದು ವರ್ಷದಲ್ಲೇ ಆ ಆ್ಯಪ್‌ಗಳನ್ನು ಮುಚ್ಚುವುದಾಗಿ ಪ್ರಕಟಣೆ ಬಂತು.

ಝಿಂಗಾ ಸ್ವತಃ ಅದೇ ತಪ್ಪನ್ನು ಮಾಡಿತು. 2012ರ ಆರಂಭದಲ್ಲಿ ಓಎಂಜಿಪಾಪ್ ಎಂಬ ನ್ಯೂಯಾರ್ಕ್ ಕಂಪನಿಯ ಡ್ರಾ ಸಮ್‌ಥಿಂಗ್ ಆಟ ಮೊಬೈಲ್‌ಗಳಲ್ಲಿ ಹಬ್ಬಿತು. ಒಬ್ಬರು ಚಿತ್ರ ಬಿಡಿಸುವುದು, ಇನ್ನೊಬ್ಬರು ಏನೆಂದು ಊಹಿಸುವುದು, ಅಷ್ಟೇ. ಆರೇ ವಾರದಲ್ಲಿ 3.5 ಕೋಟಿ ಡೌನ್‌ಲೋಡ್. ಮಾರ್ಚ್‌ನಲ್ಲಿ ಝಿಂಗಾ ಸುಮಾರು 18 ಕೋಟಿ ಡಾಲರ್ ಕೊಟ್ಟು ಕೊಂಡಿತು. ತಿಂಗಳೊಪ್ಪತ್ತಿನಲ್ಲೇ ದಿನವೂ ಆಡುವವರ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಕೊಂಡದ್ದು ಜನರ ಗುಂಪನ್ನು, ಆ ಗುಂಪು ಮುಂದಿನ ಆಟಕ್ಕೆ ಎದ್ದು ಹೋಯಿತು. 2013ರ ಜೂನ್‌ನಲ್ಲಿ ಝಿಂಗಾ 520 ಜನರನ್ನು ಕೆಲಸದಿಂದ ತೆಗೆಯಿತು, ಓಎಂಜಿಪಾಪ್‌ನ ನ್ಯೂಯಾರ್ಕ್ ಕಚೇರಿಯೂ ಮುಚ್ಚಿತು.

ಪೇಟೆ ಏರುತ್ತದೆ, ಇಳಿಯುತ್ತದೆ, ಅದು ನಮಗೆ ಹೊಸದಲ್ಲ. ನಾವು ನೋಡಬೇಕಾದದ್ದು ಯಾರು ಯಾವಾಗ ಮಾರಲು ಸಾಧ್ಯವಾಯಿತು ಎಂಬುದನ್ನು. ಝಿಂಗಾ 2011ರ ಡಿಸೆಂಬರ್‌ನಲ್ಲಿ 10 ಡಾಲರ್‌ಗೆ ಒಂದರಂತೆ ಷೇರು ಬಿಟ್ಟಿತು. ಅದಕ್ಕೂ ಮುಂಚೆ, ಕೆಲವು ನೌಕರರಿಗೆ ಕೊಟ್ಟಿದ್ದ ಷೇರುಗಳಲ್ಲಿ ಇನ್ನೂ ಕೈಗೆ ಬಾರದ ಪಾಲನ್ನು ಕಂಪನಿ ವಾಪಸು ಕೇಳಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 2012ರ ವಸಂತದಲ್ಲಿ ಸ್ಥಾಪಕ ಮಾರ್ಕ್ ಪಿಂಕಸ್ ಮತ್ತು ಕೆಲವು ದೊಡ್ಡ ಹೂಡಿಕೆದಾರರು 12 ಡಾಲರ್‌ಗೆ ಷೇರು ಮಾರಿದರು. ಪಿಂಕಸ್ ಒಬ್ಬರಿಗೇ ಬಂದದ್ದು ಸುಮಾರು 20 ಕೋಟಿ ಡಾಲರ್. ಸಾಮಾನ್ಯ ನೌಕರರ ಮೇಲಿನ ನಿರ್ಬಂಧ ಆಗ ಸಡಿಲಾಗಿರಲಿಲ್ಲ. ಅವರ ಸರದಿ ಬರುವ ಹೊತ್ತಿಗೆ ಬೆಲೆ ಇಳಿದಿತ್ತು, ಅದೇ ವರ್ಷದ ಆಗಸ್ಟ್‌ನಲ್ಲಿ ಅದು 3 ಡಾಲರ್ ಆಸುಪಾಸಿನಲ್ಲಿತ್ತು.

ಪತ್ತಿಕೊಂಡದ ಟೊಮೆಟೊ ಮಾರುಕಟ್ಟೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಗಿನ ಹರಾಜಿನ ಬೆಲೆ ಕೇಳಿ ಖುಷಿಯಾಗುತ್ತೇವೆ. ನಮ್ಮ ಬುಟ್ಟಿಯ ಸರದಿ ಬರುವಷ್ಟರಲ್ಲಿ ಬಂಡಿಗಳು ಸಾಲು ಹಚ್ಚಿರುತ್ತವೆ. ಕಿಲೋಗೆ ಒಂದೆರಡು ರೂಪಾಯಿಗೆ ಇಳಿದು ರೈತರು ಟೊಮೆಟೊವನ್ನು ರಸ್ತೆಗೆ ಸುರಿದುಹೋದ ವರ್ಷಗಳೂ ಇವೆ.

ಕಡೆಗೆ ಝಿಂಗಾವನ್ನೇ ಟೇಕ್-ಟೂ ಎಂಬ ದೊಡ್ಡ ಆಟದ ಕಂಪನಿ ಕೊಂಡಿತು. 2022ರ ಜನವರಿಯಲ್ಲಿ ಘೋಷಣೆಯಾದಾಗ ಪತ್ರಿಕೆಗಳ ತುಂಬಾ 1,270 ಕೋಟಿ ಡಾಲರ್ ಎಂಬ ಅಂಕಿಯೇ. ಷೇರಿನ ಲೆಕ್ಕದಲ್ಲಿ ಅದು 9.86 ಡಾಲರ್. ಅಂದರೆ ಹತ್ತು ವರ್ಷದ ಹಿಂದೆ 10 ಡಾಲರ್ ಹಾಕಿದವರಿಗೆ ಅಸಲೂ ಪೂರ್ತಿ ಬರಲಿಲ್ಲ. ಕೊಂಡವರಿಗೂ ಸುಖವಿರಲಿಲ್ಲ. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಟೇಕ್-ಟೂ 370 ಕೋಟಿ ಡಾಲರ್‌ಗೂ ಮೀರಿ ನಷ್ಟ ತೋರಿಸಿತು. ಹಿಂದೆ ಕೊಂಡದ್ದರ ಬೆಲೆಯನ್ನು ಲೆಕ್ಕಪುಸ್ತಕದಲ್ಲಿ ಇಳಿಸಿ ಬರೆದದ್ದೇ ಅದರ ದೊಡ್ಡ ಪಾಲು.

ಇನ್ನು ನಮ್ಮವರ ಕೈಗೆ ಬರುವ ಷೇರಿನ ಕಾಗದದ ಮಾತು. ಇದಕ್ಕೆ ಇಸಾಪ್ ಎನ್ನುತ್ತಾರೆ. ಅದು ಷೇರಲ್ಲ, ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು. ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಗೆ ಬರುತ್ತದೆ, ಮೊದಲ ವರ್ಷ ತುಂಬುವ ಮುನ್ನ ಬಿಟ್ಟರೆ ಏನೂ ಇಲ್ಲ. ಹಕ್ಕು ಚಲಾಯಿಸಿದ ದಿನದ ಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಪರಿಗಣಿಸಿ ಆದಾಯ ತೆರಿಗೆ ಹಾಕುತ್ತಾರೆ. ಷೇರು ಮಾರಿ ಒಂದು ಪೈಸೆ ಬಂದಿರದಿದ್ದರೂ ತೆರಿಗೆ ಬರುತ್ತದೆ. ಅರ್ಹತಾ ಪತ್ರ ಪಡೆದ ಕೆಲವು ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ ಅದನ್ನು ಮುಂದೂಡುವ ಅವಕಾಶವಿದೆ. ಇನ್ನೊಂದು ಮಾತನ್ನು ಸಂದರ್ಶನದಲ್ಲಿ ಯಾರೂ ಹೇಳುವುದಿಲ್ಲ: ಕಂಪನಿ ಮಾರಾಟವಾದಾಗ ಹೂಡಿಕೆದಾರರು ತಮ್ಮ ಹಣವನ್ನು ಮೊದಲು ತೆಗೆದುಕೊಳ್ಳುವ ಕರಾರು ಬಹುಪಾಲು ಇದ್ದೇ ಇರುತ್ತದೆ. ಉಳಿದದ್ದರಲ್ಲಿ ನೌಕರರ ಪಾಲು. ಸ್ಲೈಡ್‌ನಂತೆ ಕಟ್ಟಿದ ಬೆಲೆಗಿಂತ ತೀರ ಕಡಿಮೆಗೆ ಮಾರಾಟವಾದರೆ ಆ ಉಳಿಕೆ ತೆಳ್ಳಗಾಗುತ್ತದೆ.

ಆಟ ಎಂಥದ್ದು ಎಂಬುದೂ ಮುಖ್ಯ, ಗಡಿಯಲ್ಲಿರುವ ನಮಗಂತೂ ಇದು ಚೆನ್ನಾಗಿ ಗೊತ್ತು. ಹಣ ಕಟ್ಟಿ ಆಡುವ ರಮ್ಮಿ, ಪೋಕರ್ ಆ್ಯಪ್‌ಗಳನ್ನು ಆಂಧ್ರ ಸರಕಾರ 2020ರಲ್ಲೇ ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ಕಾಯ್ದೆಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತು. ಹೀಗಾಗಿ ಆದೋನಿಯಲ್ಲಿ ಅಪರಾಧವಾದದ್ದು ಸಿರುಗುಪ್ಪದಲ್ಲಿ ವ್ಯಾಪಾರವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಮಸೂದೆ ಎರಡೂ ಸದನ ದಾಟಿ ರಾಷ್ಟ್ರಪತಿಗಳ ಅಂಕಿತ ಪಡೆದದ್ದು ಮೂರೇ ದಿನದಲ್ಲಿ. 2021ರಲ್ಲಿ 230 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೆಂಗಳೂರಿನ ಎಂಪಿಎಲ್ ತನ್ನ ಭಾರತದ ನೌಕರರಲ್ಲಿ ಸುಮಾರು ಶೇ. 60ರಷ್ಟು ಜನರನ್ನು ಕೈಬಿಡುತ್ತಿದೆ ಎಂಬ ಸುದ್ದಿ ಆ ತಿಂಗಳೇ ಬಂತು. ಅವರ ಕೈಯಲ್ಲೂ ಇಂಥ ಕಾಗದಗಳಿದ್ದಿರಬೇಕು.

ಆ ಹುಡುಗ ಕೆಲಸಕ್ಕೆ ಸೇರಲೇಬಾರದೆಂದು ನಾವು ಹೇಳಲಿಲ್ಲ. ಆಟ ಕಟ್ಟುವ ಕೆಲಸ ಕಲಿತವರು ಆ ಕಂಪನಿ ಮುಳುಗಿದರೂ ಬೇರೆಡೆ ಬದುಕುತ್ತಾರೆ. ಕೈಗೆ ಬರುವ ಸಂಬಳದಲ್ಲೇ ಬೆಂಗಳೂರಿನ ಬಾಡಿಗೆ ಮತ್ತು ಊರಿನ ಸಾಲದ ಕಂತು ಕಳೆಯುವುದಾದರೆ ಸೇರಲಿ, ಷೇರಿನ ಲೆಕ್ಕವನ್ನು ಸೊನ್ನೆ ಎಂದೇ ಇಟ್ಟುಕೊಳ್ಳಲಿ ಎಂದೆವು. ತಂದೆಗೆ ಇದು ಅಷ್ಟೇನೂ ಇಷ್ಟವಾದಂತೆ ಕಾಣಲಿಲ್ಲ.

ಇಂಥ ಆಫರ್ ಪತ್ರ ಮನೆಯಲ್ಲಿರುವ ಸದಸ್ಯರು ಮುಂದಿನ ಮಾಸಿಕ ಸಭೆಗೆ ಅದರ ಪ್ರತಿ ತನ್ನಿ. ಹೆಸರು, ಸಂಬಳದ ಸಾಲುಗಳನ್ನು ಮುಚ್ಚಿಯೇ ತರಬಹುದು. ಲೆಕ್ಕಪತ್ರ ಬಲ್ಲ ನಮ್ಮ ಸದಸ್ಯರು ಕೂತು ಓದಿ, ಕನ್ನಡದಲ್ಲಿ ಅರ್ಥ ಹೇಳಲು ಒಪ್ಪಿದ್ದಾರೆ.