ಎರಡು ಗಾಲಿಯ ಮೇಲೆ ಫ್ರಾನ್ಸಿನ ಹಳ್ಳಿಗಾಡು

ಫ್ರಾನ್ಸ್ ಮತ್ತು ಸೈಕಲ್ ಎಂಬ ಎರಡು ಶಬ್ದಗಳನ್ನು ಒಟ್ಟಿಗೆ ಹೇಳಿದೊಡನೆ ಹುಡುಗರ ಕಣ್ಣಮುಂದೆ ಬರುವುದು ಟೂರ್ ದ ಫ್ರಾನ್ಸ್ ಪಂದ್ಯ. ಹಳದಿ ಅಂಗಿ, ಬೆಟ್ಟದ ತಿರುವುಗಳಲ್ಲಿ ಬಾಗಿದ ಬೆನ್ನುಗಳು, ಉಸಿರು ಬಿಗಿಹಿಡಿಸುವ ವೇಗ. ಆದರೆ ಅದೇ ದೇಶದ ರಸ್ತೆಗಳಲ್ಲಿ ಯಾರನ್ನೂ ಸೋಲಿಸುವ ಉದ್ದೇಶವಿಲ್ಲದೆ, ಹಿಂದಿನ ಕ್ಯಾರಿಯರಿಗೆ ಎರಡು ಚೀಲ ನೇತುಹಾಕಿಕೊಂಡು, ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಮಾತ್ರ ಸಾಗುವ ಇನ್ನೊಂದು ಜಾತಿಯ ಸವಾರರಿದ್ದಾರೆ. ಮಕ್ಕಳೊಂದಿಗರಾದ ಸಂಸಾರಗಳು, ಕಾಲೇಜು ಹುಡುಗ ಹುಡುಗಿಯರು, ನಿವೃತ್ತರಾದ ಅಜ್ಜ ಅಜ್ಜಿಯರು. ಇವರ ಫೋಟೋ ಪತ್ರಿಕೆಗಳಲ್ಲಿ ಬರುವುದಿಲ್ಲ. ವಿದ್ಯಾರ್ಥಿಗಳು ಮೊದಲನೆಯವರಿಗಿಂತ ಇವರಿಂದ ಕಲಿಯಬೇಕಾದದ್ದೇ ಹೆಚ್ಚು ಎಂದು ನನ್ನ ಎಣಿಕೆ.

ಈ ಜಾತಿಗೆ ಒಬ್ಬ ಮೂಲಪುರುಷನಿದ್ದಾನೆ. ಹೆಸರು ಪೋಲ್ ದ ವಿವಿ. ‘ವೆಲೋಸಿಯೊ’ ಎಂಬ ಲೇಖನನಾಮದಿಂದಲೇ ಆತ ಪ್ರಸಿದ್ಧ. 1853ರಲ್ಲಿ ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಊರಿನಲ್ಲಿ ಹುಟ್ಟಿ, ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದ ಈತನಿಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಸೇಂತ್ ಎತಿಯೆನ್ ನಗರದಲ್ಲಿ ಸೈಕಲ್ ಅಂಗಡಿ ತೆರೆದ. 1887ರಲ್ಲಿ ಸೈಕಲ್ ಸವಾರರಿಗೆಂದೇ ಒಂದು ಪತ್ರಿಕೆಯನ್ನೂ ಹೊರಡಿಸಿದ. ಆ ಊರಿನ ಸುತ್ತ ಎಲ್ಲಿ ಹೊರಟರೂ ಏರು. ಅಂದಿನ ಸೈಕಲ್ಲುಗಳಿಗೋ ಒಂದೇ ಗೇರು. ಸಪಾಟು ನೆಲಕ್ಕೆ ಸರಿಯಾದದ್ದು ಗುಡ್ಡದ ಬುಡದಲ್ಲಿ ನಿಂತುಬಿಡುತ್ತಿತ್ತು. ಗೇರು ಬದಲಿಸಬಹುದಾದ ಸೈಕಲ್ಲಿಗಾಗಿ ವೆಲೋಸಿಯೊ ಜೀವಮಾನವಿಡೀ ಪ್ರಯೋಗ ಮಾಡಿದ, ವಾದಿಸಿದ, ಬರೆದ. ‘ಗೇರು ಬೇಕಾಗುವುದು ಕೈಲಾಗದವರಿಗೆ’ ಎಂದು ಪಂದ್ಯದವರು ಮೂಗು ಮುರಿಯುತ್ತಿದ್ದ ಕಾಲ ಅದು. ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಗೇರು ಬದಲಿಸುವ ಡಿರೇಲರ್ ಸಾಧನಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದನ್ನು ನೋಡಲು ವೆಲೋಸಿಯೊ ಇರಲಿಲ್ಲ. 1930ರಲ್ಲಿ ತನ್ನದೇ ಊರಿನ ಬೀದಿಯಲ್ಲಿ ಟ್ರಾಮ್ ಬಡಿದು ತೀರಿಕೊಂಡಿದ್ದ.

ಗೇರಿನ ಗುಟ್ಟು ಹೈಸ್ಕೂಲಿನ ಲೆಕ್ಕ. ಮುಂದಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16 ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಗಾಲಿ ಮೂರು ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 6.3 ಮೀಟರ್ ಮುಂದೆ ಹೋದಿರಿ. ಮುಂದೆ 24, ಹಿಂದೆ 32 ಹಲ್ಲಿಗೆ ಸರಪಳಿ ಬದಲಿಸಿದರೆ ಅದೇ ಒಂದು ಸುತ್ತಿಗೆ ಒಂದೂವರೆ ಮೀಟರಿಗಿಂತ ತುಸು ಹೆಚ್ಚು ದೂರ, ಅಷ್ಟೆ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಮೊದಲ ಗೇರಿನವನು ಪ್ರತಿ ಸುತ್ತಿಗೂ ತನ್ನನ್ನೂ ಸೈಕಲ್ಲನ್ನೂ ಚೀಲಗಳನ್ನೂ 38 ಸೆಂಟಿಮೀಟರ್ ಮೇಲೆತ್ತಬೇಕು. ಎರಡನೆಯವನು ಎತ್ತುವುದು ಹತ್ತು ಸೆಂಟಿಮೀಟರಿಗಿಂತಲೂ ಕಡಿಮೆ. ಗುಡ್ಡದ ತುದಿ ಮುಟ್ಟುವಾಗ ಇಬ್ಬರೂ ಮಾಡಿದ ಒಟ್ಟು ಕೆಲಸ ಒಂದೇ. ಆದರೆ ಎರಡನೆಯವನಿಗೆ ಮೇಲೆ ತಲುಪಿದ ಮೇಲೆ ಸುತ್ತ ನೋಡುವ ಚೈತನ್ಯ ಉಳಿದಿರುತ್ತದೆ.

ಸವಾರರಿಗೆಂದು ವೆಲೋಸಿಯೊ ಕೆಲವು ನಿಯಮಗಳನ್ನೂ ಮಾಡಿಟ್ಟ. ಹಸಿವಾಗುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು, ಒಣಜಂಭಕ್ಕಾಗಿ ಪೆಡಲ್ ತುಳಿಯಬಾರದು ಎಂಬ ಧಾಟಿಯವು. ಆತ ಮಾಂಸ, ಹೊಗೆಸೊಪ್ಪು ಮುಟ್ಟುತ್ತಿರಲಿಲ್ಲ ಎಂಬುದು ನಮ್ಮ ಕೆಲವು ತಾಯಂದಿರಿಗೆ ಸಂತೋಷ ಕೊಡಬಹುದಾದ ಸುದ್ದಿ!

ಈ ಹವ್ಯಾಸ ಜನಸಾಮಾನ್ಯರದ್ದಾದುದು ಸ್ವಲ್ಪ ತಡವಾಗಿ. 1929ರಲ್ಲಿ ಮಾರ್ಕ್ ಸಾಂಗ್ನಿಯೆ ಎಂಬವರು ಫ್ರಾನ್ಸಿನಲ್ಲಿ ಯುವಜನರಿಗಾಗಿ ಅಗ್ಗದ ವಸತಿಗೃಹಗಳ ಚಳವಳಿ ಆರಂಭಿಸಿದರು. 1936ರ ಜೂನ್‌ನಲ್ಲಿ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಕೊಡುವ ಕಾನೂನು ಬಂತು. ಅದುವರೆಗೆ ಸಮುದ್ರವನ್ನೇ ಕಾಣದಿದ್ದ ಪ್ಯಾರಿಸಿನ ಕಾರ್ಖಾನೆಯ ಜೋಡಿಗಳು ಆ ಬೇಸಗೆಯಲ್ಲಿ ಸೈಕಲ್ಲು, ಟ್ಯಾಂಡೆಮ್ ಏರಿ ಹೊರಟರು. ಕಾರು ಕೊಳ್ಳಲಾಗದವರ ವಾಹನ ಅದು.

ಇಂದು ಹೊರಡುವವರಿಗೆ ಅನುಕೂಲವಾದ ಮೊದಲ ಸಂಗತಿ ಅಲ್ಲಿನ ಸಣ್ಣ ರಸ್ತೆಗಳು. ನಕ್ಷೆಯಲ್ಲಿ ‘ಡಿ’ ಅಕ್ಷರದ ಮುಂದೆ ಸಂಖ್ಯೆ ಇರುವ ಜಿಲ್ಲಾ ರಸ್ತೆಗಳೇ ಮೂರೂವರೆ ಲಕ್ಷ ಕಿಲೋಮೀಟರಿಗಿಂತ ಹೆಚ್ಚಿವೆ. ಟೈರು ಕಂಪನಿಯಾದ ಮಿಷೆಲಿನ್ ಹೊರತರುವ ನಕ್ಷೆಯಲ್ಲಿ ನೋಟ ಚೆನ್ನಾಗಿರುವ ರಸ್ತೆಗಳ ಅಂಚಿಗೆ ಹಸಿರು ಗೆರೆ ಎಳೆದಿರುತ್ತದೆ. ಕೆಲವು ಕಿಲೋಮೀಟರಿಗೊಂದು ಹಳ್ಳಿ. ಪ್ರತಿ ಹಳ್ಳಿಗೂ ಒಂದು ಚರ್ಚು, ಒಂದು ಪುರಸಭೆಯ ಕಟ್ಟಡ, ಬಹುಪಾಲು ಎಲ್ಲ ಕಡೆ ಒಂದು ಯುದ್ಧಸ್ಮಾರಕ. ಈ ಕೊನೆಯದರ ಮುಂದೆ ಒಮ್ಮೆ ಸೈಕಲ್ ನಿಲ್ಲಿಸಲೇಬೇಕು. ಬೆರಳೆಣಿಕೆಯ ಮನೆಗಳಿರುವ ಹಳ್ಳಿಯಲ್ಲೂ 1914ರಿಂದ 1918ರ ನಡುವೆ ಸತ್ತವರ ಉದ್ದ ಪಟ್ಟಿ ಇರುತ್ತದೆ. ಒಂದೇ ಮನೆತನದ ಹೆಸರು ಎರಡು, ಮೂರು ಸಲ ಬರುವುದುಂಟು. ಆ ಯುದ್ಧದಲ್ಲಿ ಫ್ರಾನ್ಸ್ ಕಳೆದುಕೊಂಡ ಸೈನಿಕರು 13 ಲಕ್ಷಕ್ಕೂ ಹೆಚ್ಚು ಎಂದು ಪಠ್ಯಪುಸ್ತಕದಲ್ಲಿ ಓದಿದರೆ ಅದು ಒಂದು ಅಂಕಿ. ದಿನಕ್ಕೆ ಹತ್ತು ಹಳ್ಳಿಯಂತೆ ಆ ಕಲ್ಲುಗಳನ್ನು ದಾಟುತ್ತ ಹೋದವನಿಗೆ ಅದು ಬೇರೆಯೇ ಆಗಿ ಕಾಣುತ್ತದೆ.

ಹೊಟ್ಟೆಪಾಡಿನ ಮಾತು. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಹನ್ನೆರಡಕ್ಕೋ ಹನ್ನೆರಡೂವರೆಗೋ ಬಾಗಿಲು ಹಾಕಿದರೆ ಎರಡು ಗಂಟೆಯವರೆಗೆ, ದಕ್ಷಿಣದಲ್ಲಿ ಇನ್ನೂ ಹೊತ್ತು, ತೆರೆಯುವುದಿಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಊರೇ ಮಲಗಿದಂತೆ. ಸೋಮವಾರವೂ ಅನೇಕ ಅಂಗಡಿಗಳಿಗೆ ರಜೆ. ಆದ್ದರಿಂದ ಬೆಳಿಗ್ಗೆಯೇ ಬ್ರೆಡ್ಡು, ಚೀಸು, ಹಣ್ಣು ಕಟ್ಟಿಕೊಂಡು ಹೊರಡುವುದು ಜಾಣತನ. ಅಂಗಡಿಯೊಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನದೆ ಸಾಮಾನು ಕೇಳುವುದು ಅಲ್ಲಿ ಒರಟುತನ. ಇನ್ನು ನೀರು. ಹಳೆಯ ಸವಾರರ ಉಪಾಯವೆಂದರೆ ಸ್ಮಶಾನ ಹುಡುಕುವುದು! ಗೋರಿಗಳ ಮೇಲಿನ ಹೂಗಿಡಗಳಿಗೆ ಎರೆಯಲು ಅಲ್ಲಿ ಸಾಮಾನ್ಯವಾಗಿ ಒಂದು ನಲ್ಲಿ ಇರುತ್ತದೆ. ಕುಡಿಯಲು ಯೋಗ್ಯವಲ್ಲದ ನೀರಾದರೆ ‘ಓ ನೋಂ ಪೊತಾಬ್ಲ್’ ಎಂಬ ಫಲಕ ಹಾಕಿರುತ್ತಾರೆ. ಫ್ರೆಂಚ್ ಬಾರದಿದ್ದರೂ ಈ ಮೂರು ಶಬ್ದ ಓದಲು ಬರಬೇಕು.

ಹೊಸಬರಿಗೆ ಯಾವ ದಾರಿ ಒಳ್ಳೆಯದು? ನಾನು ಹೇಳುವುದು ಕನಾಲ್ ದ್ಯು ಮಿದಿ, ಅಂದರೆ ದಕ್ಷಿಣದ ಕಾಲುವೆ. ಏರ್‌ಬಸ್ ವಿಮಾನಗಳ ಊರಾದ ತುಲೂಸ್ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗೊತ್ತಿರುವ ಹೆಸರು. ಅಲ್ಲಿನ ರೈಲು ನಿಲ್ದಾಣದ ಎದುರಿಗೇ ಈ ಕಾಲುವೆ ಹರಿಯುತ್ತದೆ. ಅಲ್ಲಿಂದ ಮೆಡಿಟರೇನಿಯನ್ ಕರಾವಳಿಯ ತೋ ಸರೋವರದವರೆಗೆ 240 ಕಿಲೋಮೀಟರ್. ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯ ದಾರಿಯಲ್ಲೇ ಸೈಕಲ್ಲು ಸಾಗುತ್ತದೆ.

ಇದನ್ನು ಕಟ್ಟಿಸಿದ ಪಿಯೆರ್ ಪೋಲ್ ರಿಕೆ ಎಂಜಿನಿಯರನಲ್ಲ, ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ಅಟ್ಲಾಂಟಿಕ್ ಕಡೆಗೂ ಮೆಡಿಟರೇನಿಯನ್ ಕಡೆಗೂ ನೀರು ಬೇರೆಯಾಗುವ ದಿಣ್ಣೆ ನೊರೂಜ್‌ನಲ್ಲಿದೆ. ಆ ದಿಣ್ಣೆಯ ಮೇಲೆ ಕಾಲುವೆಗೆ ನೀರು ಎಲ್ಲಿಂದ ತರುವುದು ಎಂಬುದೇ ಎಲ್ಲರನ್ನೂ ಕಾಡಿದ್ದ ಪ್ರಶ್ನೆ. ಕಪ್ಪು ಬೆಟ್ಟ ಎಂದು ಕರೆಯುವ ಬೆಟ್ಟಸಾಲಿನ ಹಳ್ಳಗಳನ್ನು ತಿರುಗಿಸಿ, ಸೇಂತ್ ಫೆರಿಯೋಲ್‌ನಲ್ಲಿ ದೊಡ್ಡ ಕೆರೆ ಕಟ್ಟಿ, ಅಲ್ಲಿಂದ ದಿಣ್ಣೆಗೆ ನೀರು ಹರಿಸಬಹುದು ಎಂದು ರಿಕೆ ಕಂಡುಕೊಂಡ. 1666ರಲ್ಲಿ ರಾಜಾಜ್ಞೆ ಸಿಕ್ಕಿತು. ಒಂದು ಹಂತದಲ್ಲಿ 12 ಸಾವಿರ ಮಂದಿ, ಹೆಂಗಸರೂ ಸೇರಿ, ದುಡಿದರು. ಮಳೆ ಬಂದು ಕೆಲಸ ನಿಂತ ದಿನಕ್ಕೂ ರಿಕೆ ಕೂಲಿ ಕೊಡುತ್ತಿದ್ದನಂತೆ. ತನ್ನ ಆಸ್ತಿಯನ್ನೆಲ್ಲ ಸುರಿದ, ಸಾಲ ಮಾಡಿದ. 1681ರಲ್ಲಿ ಕಾಲುವೆ ತೆರೆಯುವುದಕ್ಕೆ ಕೆಲವೇ ತಿಂಗಳ ಮುಂಚೆ ಸತ್ತ.

ಎಂಜಿನಿಯರಿಂಗ್ ಓದುವವರು ಲಾಕ್‌ಗಳ ಬಳಿ ಇಳಿದು ನೋಡಬೇಕು. ದೋಣಿಯನ್ನು ಏರಿಸಿ ಇಳಿಸುವ ಈ ಕಟ್ಟೆಗಳ ಗೋಡೆ ನೇರವಾಗಿಲ್ಲ, ಮೊಟ್ಟೆಯಂತೆ ಹೊರಕ್ಕೆ ಬಾಗಿದೆ. ನೇರ ಗೋಡೆಯ ಒಂದು ಲಾಕ್ ಕುಸಿದ ಮೇಲೆ, ಹೊರಗಿನ ಮಣ್ಣಿನ ಒತ್ತಡವನ್ನು ಕಮಾನು ತಡೆಯಲೆಂದು ಮಾಡಿದ ಉಪಾಯ ಅದು. ಸವಾರನಿಗೆ ಇದರ ಇನ್ನೊಂದು ಲಾಭವೂ ಇದೆ. ಕಾಲುವೆಯ ನೀರು ಸಮತಲವಾಗಿರಬೇಕಾದ್ದರಿಂದ ದಾರಿಯೂ ಹೆಚ್ಚುಕಡಿಮೆ ಸಪಾಟು. ತುಲೂಸ್‌ನಿಂದ ನೊರೂಜ್‌ವರೆಗಿನ ಸುಮಾರು ಐವತ್ತು ಕಿಲೋಮೀಟರಿನಲ್ಲಿ ಏರುವುದು ಅರವತ್ತು ಮೀಟರಿಗಿಂತಲೂ ಕಡಿಮೆ. ಅಲ್ಲಿಯವರೆಗೆ ಡಾಂಬರು, ಆಮೇಲೆ ಬಹಳ ಕಡೆ ಮಣ್ಣು, ಜಲ್ಲಿ, ಮರದ ಬೇರು. ಅಗಲ ಟೈರು ಬೇಕು.

ದಂಡೆಯ ಪ್ಲೇನ್ ಮರಗಳ ನೆರಳೇ ಈ ದಾರಿಯ ಕೀರ್ತಿ. ಈಗ ಅದಕ್ಕೆ ಕುತ್ತು ಬಂದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂತೆನ್ನಲಾದ ಒಂದು ಶಿಲೀಂಧ್ರ 2006ರಲ್ಲಿ ಕಾಲುವೆಯ ಮರಗಳಲ್ಲಿ ಕಾಣಿಸಿಕೊಂಡಿತು. ಮದ್ದಿಲ್ಲ. ಅಂದಿನಿಂದ ಸಾವಿರಾರು ಮರಗಳನ್ನು ಕಡಿದು ಸುಟ್ಟು, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಕೆಲವೆಡೆ ಗಂಟೆಗಟ್ಟಲೆ ಬಿಸಿಲಿನಲ್ಲಿ ಹೋಗಬೇಕು. ಟೋಪಿ ಮರೆಯಬೇಡಿ.

ಪಾಲಕರ ಆತಂಕ ನನಗೆ ಗೊತ್ತಿದೆ. ಅಲ್ಲಿ ಓದಲು ಹೋದ ಮಗ ಅಥವಾ ಮಗಳು ‘ರಜೆಯಲ್ಲಿ ಸೈಕಲ್ಲಿನಲ್ಲಿ ಹೋಗುತ್ತೇನೆ’ ಎಂದರೆ ಎದೆ ಧಸಕ್ಕೆನ್ನುತ್ತದೆ. ಕಾನೂನು ಸವಾರನ ಪರವಾಗಿದೆ. ಊರ ಹೊರಗೆ ಕಾರಿನವನು ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಅಂತರ ಬಿಡಬೇಕು. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಅಂಗಿ ಸವಾರನಿಗೆ ಕಡ್ಡಾಯ. ಹೆಲ್ಮೆಟ್ಟು 2017ರಿಂದ 12 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ, ಆದರೂ ದೊಡ್ಡವರು ಹಾಕಿಕೊಳ್ಳಲಿ. ನಿಜವಾಗಿ ಹೇಳಿಕೊಡಬೇಕಾದದ್ದು ಬಲಗಡೆಯ ಸಂಚಾರ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೆ ದಾರಿ ಬಿಡಬೇಕು, ಅವನು ಸಣ್ಣ ಓಣಿಯಿಂದ ಬಂದರೂ ಸರಿ. ಮೊದಲ ದಿನ ಮೂವತ್ತು ಕಿಲೋಮೀಟರಿಗೆ ನಿಲ್ಲಿಸಲಿ. ಒಬ್ಬರಿಗಿಂತ ಇಬ್ಬರು ಮೇಲು. ಸಂಜೆ ತಂಗುವ ಊರಿನಿಂದ ಒಂದು ಫೋನು ಬಂದರೆ ಸಾಕು ಎಂದು ನೀವೂ ಒಪ್ಪಿಕೊಳ್ಳಿ. ಗಂಟೆಗೊಮ್ಮೆ ಮೊಬೈಲು ಮೊಳಗುತ್ತಿದ್ದರೆ ಮಗು ಹೋದದ್ದು ಪ್ರವಾಸಕ್ಕೆ ಅನ್ನಿಸುವುದಿಲ್ಲ. ಎಡಕ್ಕೆ ಹೋಗುವುದೋ ಬಲಕ್ಕೋ, ಮೋಡ ಕವಿದಿದೆ ನಿಲ್ಲುವುದೋ ಮುಂದುವರಿಯುವುದೋ ಎಂದು ತಾನೇ ತೀರ್ಮಾನಿಸುವ ಅವಕಾಶ ನಮ್ಮ ಮಕ್ಕಳಿಗೆ ಸಿಗುವುದೇ ಅಪರೂಪ.

ಐದಾರು ದಿನಗಳ ಮೇಲೆ ಸೆತ್ ಬಂದರು ತಲುಪಿದವರು ಪ್ರಾದೇಶಿಕ ರೈಲಿನಲ್ಲಿ ಸೈಕಲ್ ಏರಿಸಿಕೊಂಡು ಹಿಂದಿರುಗಬಹುದು. ತುಲೂಸ್‌ಗೆ ಅರ್ಧ ದಿನವೂ ಹಿಡಿಯದು. ಕಿಟಕಿಯ ಪಕ್ಕ ಕೂತುಕೊಳ್ಳಿ. ಕಾರ್ಕಸೋನ್ ನಿಲ್ದಾಣದ ಮಗ್ಗುಲಲ್ಲೇ ಕಾಲುವೆ ಮತ್ತೆ ಕಾಣಿಸುತ್ತದೆ.