ಮಲಪ್ರಭೆಯ ದಾರಿಯಲ್ಲಿ ತಂಗುವ ಜಾಗವೆಲ್ಲಿ?

ಕಿತ್ತೂರು ಕದನಕ್ಕೆ 2024ರ ಅಕ್ಟೋಬರಿನಲ್ಲಿ ಇನ್ನೂರು ವರ್ಷ ತುಂಬಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಸವದತ್ತಿಯ ಯಲ್ಲಮ್ಮನಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿಗಳ ಯೋಜನೆಯೊಂದಕ್ಕೆ ಒಪ್ಪಿಗೆ ನೀಡಿತು. ಸಂಗೊಳ್ಳಿಯಲ್ಲಿ ರಾಯಣ್ಣನ ಹೆಸರಿನ ಸೈನಿಕ ಶಾಲೆ ಬಂದಿದೆ, ಅವನ ಬದುಕನ್ನು ಮೂರ್ತಿಗಳಲ್ಲಿ ಹೇಳುವ ಶಿಲ್ಪವನ ಎದ್ದಿದೆ. ಬೆಳಗಾವಿ ಜಿಲ್ಲೆಯ ಈ ಭಾಗವನ್ನು ಪ್ರವಾಸೋದ್ಯಮದ ಮಟ್ಟಿಗೆ ಸರ್ಕಾರ ಪೂರ್ತಿ ಮರೆತಿದೆ ಎಂದು ಇನ್ನು ದೂರುವಂತಿಲ್ಲ. ದೂರಬೇಕಾದದ್ದು ಬೇರೆಯೇ ಇದೆ. ಹಣವೆಲ್ಲ ತಾಣಗಳಿಗೆ ಹೋಗುತ್ತಿದೆ. ತಾಣಗಳ ನಡುವಿನ ದಾರಿಗೆ ಯಜಮಾನರೇ ಇಲ್ಲ.

ಈ ನಾಡಿನ ಚರಿತ್ರೆಯಾದರೋ ದಾರಿಯಲ್ಲಿಯೇ ನಡೆದದ್ದು. ರಾಯಣ್ಣ ಕೋಟೆಯೊಳಗೆ ಕುಳಿತು ಆಳಿದವನಲ್ಲ. ಚನ್ನಮ್ಮ ರಾಣಿಯ ಸೆರೆಯ ನಂತರ ಊರಿಂದೂರಿಗೆ, ಕಾಡಿನಿಂದ ಕಾಡಿಗೆ ಸರಿಯುತ್ತ ಕಾದವನು. 1830ರಲ್ಲಿ ಬೀಡಿಯ ಕಚೇರಿಯನ್ನು ಸುಟ್ಟು, ಅದೇ ವರ್ಷ ಸೆರೆಸಿಕ್ಕು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಸಂಗೊಳ್ಳಿಯಲ್ಲಿ ಹುಟ್ಟಿದವನ ಸಮಾಧಿ ಖಾನಾಪುರ ತಾಲ್ಲೂಕಿನಲ್ಲಿದೆ. ಕಿತ್ತೂರನ್ನು ಆಳಿದ ರಾಣಿಯ ಸಮಾಧಿ ಬೈಲಹೊಂಗಲದಲ್ಲಿದೆ. ಯಾವುದೋ ಒಂದು ಊರಿಗೆ ಹೋಗಿ ಮೂರ್ತಿಗೆ ಕೈಮುಗಿದು ಬಂದವರಿಗೆ ಈ ಕಥೆಯ ಒಂದು ತುಣುಕು ಮಾತ್ರ ಸಿಗುತ್ತದೆ. ನಂದಗಡದ ಆಲದ ಮರಕ್ಕೆ ಮಕ್ಕಳಾಗಲೆಂದು ತೊಟ್ಟಿಲು ಕಟ್ಟಿ ಹೋಗುವ ಹೆಂಗಸರಿಗೆ ಈ ನಂಟು ತಿಳಿದಷ್ಟು ನಮ್ಮ ಯೋಜನಾ ವರದಿಗಳಿಗೆ ತಿಳಿದಂತಿಲ್ಲ.

ಈ ಊರುಗಳನ್ನು ಪೋಣಿಸುವ ಎಳೆ ಈಗಾಗಲೇ ಇದೆ. ಅದು ಮಲಪ್ರಭೆ. ಕಣಕುಂಬಿಯ ಜಡಿಮಳೆಯ ಕಾಡಿನಲ್ಲಿ ಹುಟ್ಟುವ ನದಿ ಖಾನಾಪುರವನ್ನು ದಾಟಿ, ಗಂಗಾಂಬಿಕೆಯ ಐಕ್ಯಸ್ಥಳವಿರುವ ಎಂ.ಕೆ. ಹುಬ್ಬಳ್ಳಿಗೆ ಬರುತ್ತದೆ. ಅಲ್ಲಿಂದ ಮುಂದೆ ಸಂಗೊಳ್ಳಿಯ ಸೀಮೆ, ಬೈಲಹೊಂಗಲದ ಎರೆಹೊಲಗಳು. ನವಿಲುತೀರ್ಥದಲ್ಲಿ ಗುಡ್ಡವನ್ನೇ ಸೀಳಿದ ಕಣಿವೆ. ಅದಕ್ಕೆ ಅಡ್ಡಲಾಗಿ 37 ಟಿಎಂಸಿ ಅಡಿಗೂ ಹೆಚ್ಚು ನೀರು ಹಿಡಿಯುವ ರೇಣುಕಾಸಾಗರ. ಅದರಾಚೆ ತೊರಗಲ್ಲಿನ ಕೋಟೆ, ರಾಮದುರ್ಗ, ಕೊನೆಗೆ ಬಾದಾಮಿಯ ಕೆಂಗಲ್ಲಿನ ನಾಡು. ಮಲೆನಾಡು ಬಯಲುಸೀಮೆಯಾಗುವುದನ್ನು ಒಂದೇ ದಿನದಲ್ಲಿ ಕಣ್ಣಾರೆ ಕಾಣಬಹುದಾದ ಇಂಥ ದಾರಿಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲೇ ಹಾಯುತ್ತದೆ. ಅದರಲ್ಲಿ ಓಡುವ ಸಾವಿರಾರು ವಾಹನಗಳ ಪೈಕಿ ಈ ದಾರಿಗೆ ಹೊರಳುವವು ಎಷ್ಟು? ಹೊರಳಿದರೂ ಕಾರು ನಿಲ್ಲಿಸಿ ನದಿ ನೋಡಲು ನೆರಳಿಲ್ಲ, ಶೌಚಾಲಯವಿಲ್ಲ. ಕಬ್ಬಿನ ಹಂಗಾಮಿನಲ್ಲಂತೂ ಟ್ರ್ಯಾಕ್ಟರುಗಳ ಸಾಲಿಗೆ ಸಿಕ್ಕವನು ಎದುರಿನ ಹೇರನ್ನು ಬಿಟ್ಟು ಬೇರೇನನ್ನೂ ಕಾಣಲಾರ.

ಹಾಗೆಂದು ದಾರಿಯನ್ನು ಅಗಲಿಸಿ ಚತುಷ್ಪಥ ಮಾಡಿ ಎಂಬ ಬೇಡಿಕೆ ಮಾತ್ರ ಬೇಡ. ಕರಾವಳಿಯ ರಾಷ್ಟ್ರೀಯ ಹೆದ್ದಾರಿ 66 ಏನಾಗಿದೆ ಎಂಬುದು ಕಣ್ಣ ಮುಂದಿದೆ. ಮರವಂತೆಯಲ್ಲಿ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕೆ. ದೇಶದ ಅತಿ ಚೆಂದದ ರಸ್ತೆಗಳ ಸಾಲಿಗೆ ಸೇರುವ ಜಾಗವದು. ಆದರೆ ಹೆದ್ದಾರಿಯ ಉದ್ದೇಶ ವೇಗ. ನಿಲ್ಲುವವನು ಅಲ್ಲಿ ಅಡಚಣೆ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿ ಬದಿಯ ಗುಡ್ಡ ಕುಸಿದಾಗ ಕೊಚ್ಚಿಹೋದದ್ದು ಪ್ರಯಾಣಿಕರು ಚಹಾಕ್ಕೆಂದು ನಿಲ್ಲುತ್ತಿದ್ದ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬ, ಬದಿಗೆ ನಿಂತಿದ್ದ ಲಾರಿಗಳು. ಒಂದು ಲಾರಿಯನ್ನು ಗಂಗಾವಳಿಯ ತಳದಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಗುಡ್ಡ ಕಡಿದು ರಸ್ತೆ ಮಾಡಿದವರು ಜನ ಎಲ್ಲಿ ನಿಲ್ಲುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಮಲಪ್ರಭೆಯ ಅಪಾಯ ಗುಡ್ಡದ್ದಲ್ಲ, ನೆರೆಯದು. 2019ರ ಆಗಸ್ಟಿನಲ್ಲಿ ರಾಮದುರ್ಗದ ಬೀದಿಗಳಲ್ಲಿ ಈ ನದಿ ಹರಿದದ್ದನ್ನು ಅಲ್ಲಿಯವರು ಮರೆತಿಲ್ಲ. ಹೊಳೆಯ ಪಾತ್ರ ಒತ್ತುವರಿಯಾಗಿದೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ನೀರು ಇಳಿದಂತೆ ಮಾತೂ ಇಳಿಯಿತು. ಇದೇ ದಂಡೆಯಲ್ಲಿ ಉದ್ಯಾನ, ವೀಕ್ಷಣಾ ಗೋಪುರ, ಕಾಂಕ್ರೀಟಿನ ಸೋಪಾನ ಎಂದು ಕಟ್ಟತೊಡಗಿದರೆ ಒತ್ತುವರಿಗೆ ಸರ್ಕಾರಿ ಮೊಹರು ಒತ್ತಿದಂತಾಗುತ್ತದೆ. 2019ರ ನೀರು ಮುಟ್ಟಿದ ಗೆರೆಯನ್ನು ಮೊದಲು ಗುರುತಿಸಿ, ಅದರಿಂದಾಚೆಗೆ ಮಾತ್ರ ಕಟ್ಟಡ ಎಂಬ ನಿಯಮವಾಗಬೇಕು. ಗೆರೆಯ ಒಳಗೆ ಮರದ ನೆರಳು, ಕಲ್ಲಿನ ಕಟ್ಟೆ ಸಾಕು.

ಡೇರೆ ಹಾಕಿ ತಂಗುವ ಪ್ರವಾಸ ಹೊಸದೆಂಬಂತೆ ಅಧಿಕಾರಿಗಳು ಮಾತನಾಡುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಬರುವವರನ್ನು ಅವರು ನೋಡಿಲ್ಲವೇ? ಚಕ್ಕಡಿ ಕಟ್ಟಿಕೊಂಡು, ಈಗೀಗ ಟ್ರ್ಯಾಕ್ಟರಿನ ಮೇಲೆ ತಾಡಪತ್ರಿ ಬಿಗಿದುಕೊಂಡು, ಹಾದಿಯುದ್ದಕ್ಕೂ ಬಿಡಾರ ಹೂಡಿ, ಮೂರು ಕಲ್ಲಿನ ಒಲೆಯಲ್ಲಿ ಅಡುಗೆ ಮಾಡಿ, ಜೋಗುಳಬಾವಿಯಲ್ಲಿ ಮಿಂದು, ಪಡ್ಡಲಗಿ ತುಂಬಿಸಿ ಮರಳುವ ಈ ಲಕ್ಷಾಂತರ ಜನ ತಲೆಮಾರುಗಳಿಂದ ಮಾಡುತ್ತಿರುವುದು ಇದನ್ನೇ. ಉತ್ತರ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಬರುವ ಇವರು ಪ್ರವಾಸೋದ್ಯಮದ ಕಡತದಲ್ಲಿ ಪ್ರವಾಸಿಗರಲ್ಲ, ಜಾತ್ರೆಯ ಗದ್ದಲ ಮಾತ್ರ. ಇವರಲ್ಲಿ ಹೆಂಗಸರು ಬಹಿರ್ದೆಸೆಗೆ ಕತ್ತಲಾಗುವವರೆಗೆ ಕಾಯಬೇಕಾದ ಸ್ಥಿತಿ ಇರುವವರೆಗೆ ಗುಡ್ಡದ ಮೇಲೆ ಎಷ್ಟು ಕೋಟಿಯ ಕಮಾನು ಎದ್ದರೇನು?

ಆದ್ದರಿಂದ ದಾರಿಯ ಕೆಲಸ ಈ ಬಿಡಾರಗಳಿಂದಲೇ ಆರಂಭವಾಗಲಿ. ಜಾತ್ರೆಯ ಬಂಡಿಗಳು ರೂಢಿಯಿಂದ ನಿಲ್ಲುವ ಜಾಗಗಳು ಯಾವುವೆಂದು ಆಯಾ ಗ್ರಾಮ ಪಂಚಾಯಿತಿಗಳಿಗೆ ಗೊತ್ತು. ಅಲ್ಲಿ ನೀರಿನ ತೊಟ್ಟಿ, ಶೌಚಾಲಯ, ಬೆಳಕು, ನಾಲ್ಕು ಬೇವಿನ ಗಿಡ ಬಂದರೆ ಹುಣ್ಣಿಮೆಗೆ ಭಕ್ತರಿಗೂ ಉಳಿದ ದಿನಗಳಲ್ಲಿ ಕಾರಿನಲ್ಲಿ ಬರುವವರಿಗೂ ಒದಗುತ್ತದೆ. ರೊಟ್ಟಿ ಊಟದ ವ್ಯವಸ್ಥೆ ಊರಿನ ಸ್ತ್ರೀಶಕ್ತಿ ಸಂಘಗಳ ಕೈಗೆ ಹೋದರೆ ದುಡ್ಡು ಊರಲ್ಲೇ ಉಳಿಯುತ್ತದೆ. ಇಂದು ಶಿಲ್ಪವನ ನೋಡಿ ಹೋದವರು ಸಂಗೊಳ್ಳಿಯಲ್ಲಿ ಬಿಟ್ಟುಹೋಗುವುದು ಪ್ರವೇಶ ಶುಲ್ಕ, ಹೆಚ್ಚೆಂದರೆ ಒಂದು ಚಹಾದ ಹಣ.

ಅಡ್ಡಿ ಇರುವುದು ಆಡಳಿತದ ಸೀಮೆಗಳಲ್ಲಿ. ಕಿತ್ತೂರಿಗೊಂದು ಪ್ರಾಧಿಕಾರ, ಸಂಗೊಳ್ಳಿ ರಾಯಣ್ಣನ ಹೆಸರಲ್ಲೊಂದು, ಯಲ್ಲಮ್ಮನಿಗೊಂದು. ಜಲಾಶಯ ನೀರಾವರಿಯವರದು, ರಸ್ತೆ ಲೋಕೋಪಯೋಗಿಯದು, ಕಣಕುಂಬಿಯ ಕಾಡು ಅರಣ್ಯ ಇಲಾಖೆಯದು. ಇವರನ್ನೆಲ್ಲ ವರ್ಷಕ್ಕೆರಡು ಬಾರಿಯಾದರೂ ಒಂದು ಮೇಜಿನ ಸುತ್ತ ಕೂರಿಸಿ, ಕಣಕುಂಬಿಯಿಂದ ರಾಮದುರ್ಗದವರೆಗಿನ ಒಂದೇ ನಕ್ಷೆಯ ಮೇಲೆ ಮಾತನಾಡಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಅದಕ್ಕೆ ಹೊಸ ಪ್ರಾಧಿಕಾರವೂ ಬೇಡ, ಬೆಂಗಳೂರಿನ ಅಪ್ಪಣೆಯೂ ಬೇಡ.