ಹೇನು ಕೋಳಿಯದು, ನುಸಿ ಗೂಡಿನದು

ನಮ್ಮ ಗೋಡೆಪತ್ರಿಕೆಯಲ್ಲಿ ಹಸು, ಎಮ್ಮೆ, ರೇಷ್ಮೆಹುಳು ಎಲ್ಲದರ ಬಗ್ಗೆಯೂ ಲೇಖನ ಬಂದಿದೆ. ಕೋಳಿ ಬಗ್ಗೆ ಒಂದೂ ಬಂದಿಲ್ಲ. ಕೋಳಿ ಅಂದರೆ ನಮಗೆ ಹಬ್ಬದ ಮಾರನೇ ದಿನ ಮಾತ್ರ ನೆನಪಾಗುತ್ತದೆ. ಆದರೆ ನಮ್ಮೂರ ಹೆಂಗಸರ ಕೈಯಲ್ಲಿ ಸ್ವಂತಕ್ಕೆ ಅಂತ ನಾಲ್ಕು ಕಾಸು ಓಡಾಡುವುದು ಕೋಳಿಯಿಂದಲೇ. ರಾಗಿ ಮಾರಿದ ದುಡ್ಡು ಅಪ್ಪನ ಜೇಬಿಗೆ ಹೋಗುತ್ತದೆ. ಹಾಲಿನ ದುಡ್ಡು ಸಾಲದ ಕಂತಿಗೆ ಹೋಗುತ್ತದೆ. ನನ್ನ ಜಾಮಿಟ್ರಿ ಬಾಕ್ಸು, ನನ್ನ ತಮ್ಮನ ಚಪ್ಪಲಿ ಬಂದದ್ದು ಅವ್ವ ಮೊಟ್ಟೆ ಮಾರಿದ್ದರಿಂದ. ಆದ್ದರಿಂದ ಕೋಳಿಗೆ ಹೇನು ಹತ್ತುವುದು ಸಣ್ಣ ವಿಷಯ ಅಲ್ಲ ಅಂತ ನನ್ನ ಅಭಿಪ್ರಾಯ.

ಕೋಳಿಗೆ ಹೇನು ಬಿದ್ದಾಗ ನಮ್ಮೂರಲ್ಲಿ ಎರಡೇ ಕೆಲಸ ಮಾಡುತ್ತಾರೆ. ಒಂದು, "ಏ, ಹೇನಿಲ್ದೆ ಇರೋ ಕೋಳಿ ಎಲ್ಲೈತೆ?" ಅಂತ ಸುಮ್ಮನಾಗುವುದು. ಇನ್ನೊಂದು, ಹೊಲಕ್ಕೆ ಹೊಡೆದು ಉಳಿದ ಔಷಧಿಯನ್ನು ಬಕೆಟ್ ನೀರಿಗೆ ಬೆರೆಸಿ ಕೋಳಿಯನ್ನು ಅದ್ದಿ ತೆಗೆಯುವುದು. ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೆ ಆರು ಕೋಳಿ ಅದ್ದಿದರು. ಸಂಜೆ ಹೊತ್ತಿಗೆ ನಾಲ್ಕು ಕತ್ತು ವಾಲಿಸಿ ಸತ್ತವು. ಉಳಿದ ಎರಡನ್ನು ಮಾರನೇ ದಿನ ಸಂತೆಗೆ ಹೊತ್ತುಕೊಂಡು ಹೋದರು. ಅವನ್ನು ಯಾರು ತಿಂದರೋ ಗೊತ್ತಿಲ್ಲ. ಯಾರ ಮನೆ ಅಂತ ಬರೆಯುವುದಿಲ್ಲ, ಆ ಮನೆಯವರು ಈ ಶಾಲೆಯಲ್ಲಿ ಓದುತ್ತಿದ್ದಾರೆ.

ಮೊದಲ ತಪ್ಪು ನಾವು ಇಟ್ಟಿರುವ ಹೆಸರಿನಲ್ಲೇ ಇದೆ. ಗಿಡಕ್ಕೆ ಹೊಡೆಯುವ ವಿಷಕ್ಕೆ ನಾವೆಲ್ಲ "ಔಷಧಿ" ಅನ್ನುತ್ತೇವೆ. ಔಷಧಿ ಅಂದ ಮೇಲೆ ಕೋಳಿಗೂ ಆಗುತ್ತದೆ ಅಂತ ಧೈರ್ಯ ಬರುತ್ತದೆ. ಡಬ್ಬಿ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಇರುವುದನ್ನು ನೀವು ನೋಡಿರಬಹುದು. ಕೆಂಪು ಎಲ್ಲಕ್ಕಿಂತ ಉಗ್ರ, ಹಸಿರು ಎಲ್ಲಕ್ಕಿಂತ ಕಡಿಮೆ. ಆದರೆ ಹಸಿರು ಬಣ್ಣ ಇದ್ದರೂ ಅದು ಬೆಳೆಗೆ ಅಂತ ಕೊಟ್ಟದ್ದು, ಕೋಳಿಗೆ ಅಂತ ಅಲ್ಲ. ಹಿಂದೆ ಗಮಾಕ್ಸಿನ್ ಪುಡಿ ತಂದು ಕೋಳಿ ರೆಕ್ಕೆಯ ಕೆಳಗೆ ಉಜ್ಜುತ್ತಿದ್ದರು ಅಂತ ನಮ್ಮಜ್ಜಿ ಹೇಳ್ತಾರೆ. ಅದರೊಳಗೆ ಇದ್ದ ಬಿ.ಎಚ್.ಸಿ. ಎಂಬ ವಿಷವನ್ನು ನಮ್ಮ ದೇಶದಲ್ಲಿ 1997ರಲ್ಲೇ ನಿಷೇಧಿಸಿದ್ದಾರೆ. ಅಟ್ಟದ ಮೇಲೆ ಹಳೇ ಡಬ್ಬಿ ಇದ್ದವರು ದಯವಿಟ್ಟು ಅದನ್ನು ಕೆಳಗೆ ಇಳಿಸಬೇಡಿ.

ಕೋಳಿ ಸಾಯದಿದ್ದರೆ ಅಪಾಯ ತಪ್ಪಿತು ಅಂತ ತಿಳಿಯಬಾರದು. ಭತ್ತಕ್ಕೆ, ಕಬ್ಬಿಗೆ ಹಾಕುವ ಫಿಪ್ರೊನಿಲ್ ಎಂಬ ವಿಷ ಇದೆ. 2017ರಲ್ಲಿ ಯೂರೋಪಿನ ನೆದರ್ಲೆಂಡ್ಸ್, ಬೆಲ್ಜಿಯಂ ದೇಶಗಳಲ್ಲಿ ಕೋಳಿಮನೆಯ ನುಸಿ ಕೊಲ್ಲಲು ಬಳಸಿದ ದ್ರಾವಣದಲ್ಲಿ ಅದು ಕಾನೂನಿಗೆ ವಿರುದ್ಧವಾಗಿ ಬೆರೆತಿತ್ತು. ಕೋಳಿ ಚೆನ್ನಾಗಿಯೇ ಇತ್ತು. ವಿಷ ಮಾತ್ರ ಮೊಟ್ಟೆಯಲ್ಲಿ ಸಿಕ್ಕಿತು. ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸ್ ತರಿಸಿದರು. ಅದು ಕೊಬ್ಬಿನಲ್ಲಿ ಕರಗುವ ವಿಷ, ಆದ್ದರಿಂದ ಹಳದಿ ಭಾಗಕ್ಕೆ ಸೇರುತ್ತದೆ ಅಂತ ನಮ್ಮ ವಿಜ್ಞಾನದ ಮೇಷ್ಟ್ರು ವಿವರಿಸಿದರು. ಅಲ್ಲಿ ಪರೀಕ್ಷೆ ಮಾಡಿ ಕಂಡುಹಿಡಿದರು. ನಮ್ಮ ಹಿತ್ತಲ ಮೊಟ್ಟೆಯನ್ನು ಯಾರು ಪರೀಕ್ಷೆ ಮಾಡುತ್ತಾರೆ? ಅದು ನೇರವಾಗಿ ನನ್ನ ತಮ್ಮನ ತಟ್ಟೆಗೆ ಬರುತ್ತದೆ.

ಎರಡನೇ ತಪ್ಪು, ಹೇನು ಮತ್ತು ನುಸಿ ಎರಡನ್ನೂ ಒಂದೇ ಅಂದುಕೊಳ್ಳುವುದು. ಹೇನಿಗೆ ಆರು ಕಾಲು, ಬಣ್ಣ ಒಣಹುಲ್ಲಿನದು. ಕೋಳಿಯ ಬಾಲದ ಕೆಳಗಿನ ಪುಕ್ಕ ಬಿಡಿಸಿದರೆ ಗಡಿಬಿಡಿಯಿಂದ ಓಡುವುದು ಕಾಣುತ್ತದೆ. ಪುಕ್ಕದ ಬುಡದಲ್ಲಿ ಸೀರು ಗೊಂಚಲಾಗಿ ಅಂಟಿರುತ್ತದೆ. ಅದು ಹುಟ್ಟಿ ಸಾಯುವುದೆಲ್ಲ ಕೋಳಿ ಮೈಮೇಲೆಯೇ, ಕೆಳಗೆ ಬಿದ್ದರೆ ಹೆಚ್ಚು ದಿನ ಬದುಕುವುದಿಲ್ಲ. (ಕೋಳಿ ಹೇನು ನಮ್ಮ ತಲೆಯಲ್ಲಿ ಮನೆ ಮಾಡುವುದಿಲ್ಲ. ಆರನೇ ತರಗತಿಯವರು ಒಬ್ಬಳನ್ನು "ಕೋಳಿಹೇನು" ಅಂತ ರೇಗಿಸುವುದನ್ನು ನಿಲ್ಲಿಸಬೇಕು.)

ನುಸಿ ಬೇರೆ ಜಾತಿ. ಅದು ಜೇಡ, ಉಣ್ಣೆಗಳ ಸಂಬಂಧಿ, ಎಂಟು ಕಾಲು. ತೆಂಗಿನಕಾಯಿಗೆ ಕಜ್ಜಿ ಬರಿಸುವ ನುಸಿ ನಮ್ಮ ಕಡೆ ಎಲ್ಲರಿಗೂ ಗೊತ್ತು, ಅದರ ದೂರದ ನೆಂಟ ಇದು. ಬಾಲದ ಕೆಳಗೆ ಪುಕ್ಕ ಕಪ್ಪಾಗಿಸಿ ಕೋಳಿ ಮೈಮೇಲೇ ಇರುವ ನುಸಿಯೂ ಒಂದಿದೆ. ಆದರೆ ಹೆಚ್ಚು ಮೋಸ ಮಾಡುವುದು ಕೆಂಪು ನುಸಿ. ಅದು ಹಗಲೆಲ್ಲ ಗೂಡಿನ ಸಂದಿನಲ್ಲಿ, ಮಂಕರಿಯ ಹೆಣಿಗೆಯಲ್ಲಿ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು ಕೋಳಿ ರಕ್ತ ಕುಡಿದು ಮತ್ತೆ ಸಂದಿಗೆ ಸೇರುತ್ತದೆ. ಹಸಿದಾಗ ಬೂದು ಬಣ್ಣ, ಕುಡಿದ ಮೇಲೆ ಕೆಂಪು. ಸೆಖೆಗಾಲದಲ್ಲಿ ಒಂದು ವಾರ, ಹತ್ತು ದಿನಕ್ಕೆ ಹೊಸ ತಲೆಮಾರು ತಯಾರು. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಕಾದು ಕೂರುತ್ತದೆ. ಅಂದ ಮೇಲೆ ಹಗಲು ಹೊತ್ತು ಕೋಳಿ ಹಿಡಿದು ವಿಷದಲ್ಲಿ ಅದ್ದಿದರೆ ಏನು ಪ್ರಯೋಜನ? ಕಳ್ಳ ಗೂಡಿನಲ್ಲಿದ್ದಾನೆ, ಏಟು ಕೋಳಿಗೆ.

ಇದರಲ್ಲಿ ನನಗೆ ತುಂಬಾ ಬೇಜಾರಾಗುವುದು ಕಾವಿಗೆ ಕೂತ ಕೋಳಿಯ ವಿಷಯ. ಅದು ಇಪ್ಪತ್ತೊಂದು ದಿನ ಒಂದೇ ಮಂಕರಿಯಲ್ಲಿ ಕೂರಬೇಕು. ಮೇಯಲು ದಿನಕ್ಕೆ ಒಂದು ಸಲ ಏಳುತ್ತದೆ ಅಷ್ಟೆ. ಮಂಕರಿಯಲ್ಲಿ ನುಸಿ ಇದ್ದರೆ ಅದಕ್ಕೆ ಪ್ರತಿ ರಾತ್ರಿಯೂ ಹಬ್ಬ. ಜುಟ್ಟು ಬಿಳಿಚಿಕೊಳ್ಳುತ್ತದೆ, ತೂಕ ಇಳಿಯುತ್ತದೆ. ಕಡೆಗೆ ಹದಿನಾಲ್ಕೋ ಹದಿನೈದೋ ದಿನಕ್ಕೆ ತಡೆಯಲಾರದೆ ಎದ್ದು ಹೋಗುತ್ತದೆ. ಹನ್ನೆರಡು ಮೊಟ್ಟೆ ಹಾಳು. ಆಗ ಮನೆಯವರು ಏನಂತಾರೆ? "ಈ ಕೋಳಿಗೆ ಕಾವು ನಿಲ್ಲಲ್ಲ, ಕುಯ್ದು ಬಿಡಿ." ಮಂಕರಿ ಮಾತ್ರ ಹಾಗೇ ಉಳಿಯುತ್ತದೆ. ಮುಂದಿನ ಸಲ ಅದೇ ಮಂಕರಿಯಲ್ಲಿ ಇನ್ನೊಂದು ಕೋಳಿಯನ್ನು ಕೂರಿಸುತ್ತಾರೆ. ಅದೂ ಎದ್ದು ಹೋದರೆ ಯಾರದೋ ದೃಷ್ಟಿ ಬಿತ್ತು ಅಂತಾರೆ.

ಕೆಲವರ ಮನೆಯಲ್ಲಿ ಕಾಡುಬೆಕ್ಕಿನ ಭಯಕ್ಕೆ ಕೋಳಿಯನ್ನು ರಾತ್ರಿ ಒಳಗೇ ಮುಚ್ಚುತ್ತಾರೆ. ಅಂಥ ಮನೆಯ ಮಕ್ಕಳಿಗೆ ಬೆಳಗ್ಗೆ ಕೈಕಾಲು ನವೆ ಇದ್ದರೆ ಸೊಳ್ಳೆ ಒಂದನ್ನೇ ಬಯ್ಯಬೇಡಿ. ಈ ನುಸಿ ಮನುಷ್ಯರನ್ನೂ ಕಚ್ಚುತ್ತದೆ.

ಪತ್ತೆ ಹಚ್ಚುವುದು ಸುಲಭ. ರಾತ್ರಿ ಎಂಟೂವರೆ ಆದ ಮೇಲೆ ಬ್ಯಾಟರಿ ಹಿಡಿದು, ಕೋಳಿ ಕೂರುವ ಗಳುವಿನ ಅಡಿಭಾಗವನ್ನು ಬಿಳೀ ಬಟ್ಟೆಯಿಂದ ಒರೆಸಿ. ಬಟ್ಟೆಯ ಮೇಲೆ ಕೆಂಪು ಚುಕ್ಕೆ ಬಿದ್ದರೆ ನುಸಿ ಇದೆ. ಆಮೇಲೆ ಮಾಡಬೇಕಾದದ್ದು ಗೂಡಿನ ಕೆಲಸ. ಹಳೇ ಹುಲ್ಲನ್ನು ತಿಪ್ಪೆಗೆ ಹಾಕದೆ ಸುಟ್ಟುಬಿಡಬೇಕು. ಮಂಕರಿಗೆ, ಗಳುವಿಗೆ, ಸಂದುಗಳಿಗೆ ಕುದಿಯುವ ನೀರು ಹುಯ್ಯಬೇಕು. ನೀರು ಹುಯ್ಯುವ ಕೆಲಸ ದೊಡ್ಡವರದು, ಸಣ್ಣ ಮಕ್ಕಳು ದೂರ ನಿಲ್ಲಬೇಕು. ಬಿಸಿಲಿನಲ್ಲಿ ಒಣಗಿಸಿ, ಸಂದುಗಳನ್ನು ಮಣ್ಣಿನಿಂದ ಮೆತ್ತಿ, ಮೇಲೆ ಸುಣ್ಣ ಬಳಿಯಬೇಕು. ಒಂದು ವಾರ ಬಿಟ್ಟು ಇನ್ನೊಂದು ಸಲ ಮಾಡಬೇಕು, ಯಾಕೆಂದರೆ ತಪ್ಪಿಸಿಕೊಂಡ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಬಹಳ ಜನ ಸೋಲುವುದು ಈ ಎರಡನೇ ಸಲದಲ್ಲೇ.

ಹೇನಿಗೆ ಬೂದಿ. ಇದರಲ್ಲಿ ನಾನು ಅಜ್ಜಿಯ ಪಕ್ಷ. ಕೋಳಿ ಬೂದಿಗುಂಡಿಯಲ್ಲಿ ಹೊರಳಾಡುವುದು ಆಟಕ್ಕಲ್ಲ, ಅದು ಅದರ ಸ್ನಾನ. ಅಮೆರಿಕದ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಕೋಳಿಗಳಿಗೆ ಹೊರಳಾಡಲು ನಯವಾದ ಜೇಡಿಪುಡಿ, ಗಂಧಕದಂಥ ಪುಡಿಗಳನ್ನು ಇಟ್ಟರು. ಹೊರಳಾಡಿದ ಕೋಳಿಗಳಲ್ಲಿ ಹೇನೂ ಇಳಿಯಿತು, ಮೈಮೇಲಿನ ನುಸಿಯೂ ಇಳಿಯಿತು. ಗಂಧಕ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ನಮ್ಮ ಒಲೆಬೂದಿ ಆ ಪ್ರಯೋಗದಲ್ಲಿ ಇರಲಿಲ್ಲ. ಆದರೂ ಒಣಪುಡಿಯ ಸ್ನಾನಕ್ಕೆ ಬೆಲೆ ಇದೆ ಅಂತ ಅದರಿಂದ ಗೊತ್ತಾಗುತ್ತದೆ. ಗ್ಯಾಸ್ ಬಂದ ಮೇಲೆ ಬೂದಿ ಎಲ್ಲಿದೆ ಅನ್ನುವವರು ಬಚ್ಚಲ ಒಲೆ ನೋಡಿ. ಪ್ಲಾಸ್ಟಿಕ್ ಸುಟ್ಟ ಬೂದಿ ಮಾತ್ರ ಬೇಡ. ಮಳೆ ಬೀಳದ ಕಡೆ ಬೂದಿ, ಒಣಮಣ್ಣು ಬೆರೆಸಿ ಒಂದು ಗುಂಡಿ ಮಾಡಿಕೊಟ್ಟರೆ ಉಳಿದದ್ದನ್ನು ಕೋಳಿಯೇ ಮಾಡಿಕೊಳ್ಳುತ್ತದೆ. ಆದರೆ ಅಜ್ಜಿ ಬೂದಿ ಇದ್ದರೆ ಸಾಕು ಅಂತಾರೆ, ಅದನ್ನು ನಾನು ಒಪ್ಪುವುದಿಲ್ಲ. ಬೂದಿ ಕೋಳಿ ಮೈಗೆ. ಮಂಕರಿ ಹೆಣಿಗೆಯೊಳಗೆ ಕೂತಿರುವ ನುಸಿಗೆ ಅದು ಮುಟ್ಟುವುದೇ ಇಲ್ಲ.

ಕಾಲಿನ ಮೇಲೆ ಸುಣ್ಣ ಮೆತ್ತಿದ ಹಾಗೆ ಹಕ್ಕಳೆ ಎದ್ದಿದ್ದರೆ ಅದು ಮೂರನೇ ಜಾತಿ ನುಸಿ, ಹಕ್ಕಳೆಯ ಅಡಿಯಲ್ಲೇ ಕೊರೆದುಕೊಂಡು ಇರುತ್ತದೆ. ಬೆಚ್ಚಗಿನ ಸೋಪುನೀರಿನಲ್ಲಿ ಕಾಲು ನೆನೆಸಿ, ಹಳೇ ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ದಪ್ಪಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಗುಣವಾಗುವ ತನಕ ಬಿಡದೆ ಮಾಡಬೇಕು. ಸೀಮೆಎಣ್ಣೆ ಬೇಡ, ಚರ್ಮ ಸುಡುತ್ತದೆ. ಹಕ್ಕಳೆಯನ್ನು ಕಿತ್ತು ತೆಗೆಯಬಾರದು.

ಇಷ್ಟಕ್ಕೂ ಬಗ್ಗದಿದ್ದರೆ ಪಶು ಆಸ್ಪತ್ರೆಗೆ ಹೋಗಬೇಕು. ಕೋಳಿಗೆ ಅಂತಲೇ ಔಷಧಿ ಇದೆ, ಅದು ನಿಜವಾದ ಔಷಧಿ. ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು, ಮಾರಬಾರದು ಅಂತ ಡಾಕ್ಟರನ್ನು ಕೇಳಿಕೊಂಡೇ ಬರಬೇಕು.

"ಒಂದು ಕೋಳಿಗೆ ಇಷ್ಟೆಲ್ಲ ಯಾರು ಮಾಡ್ತಾರೆ?" ಅಂತ ನಮ್ಮಪ್ಪನೇ ಕೇಳಿದರು. ನೀರು ಕಾಯಿಸಿ ಗೂಡು ತೊಳೆಯಲು ನಮಗೆ ಹಿಡಿದದ್ದು ಒಂದು ಗಂಟೆ, ವಾರ ಬಿಟ್ಟು ಇನ್ನೊಂದು ಗಂಟೆ. ಖರ್ಚು ಸುಣ್ಣದ್ದು ಮಾತ್ರ. ಒಂದು ಮಂಕರಿ ಮರಿ ಉಳಿದರೆ ಎಷ್ಟಾಗುತ್ತದೆ ಅಂತ ಅವ್ವ ಅಲ್ಲೇ ಲೆಕ್ಕ ಹೇಳಿದರು. ಅಪ್ಪ ಮಾತಾಡಲಿಲ್ಲ.

ಈ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಮ್ಮ ಹಿತ್ತಲಿಗೆ ಯಾರು ಬೇಕಾದರೂ ಬರಬಹುದು. ಭೂತಗನ್ನಡಿಯನ್ನು ವಿಜ್ಞಾನದ ಮೇಷ್ಟ್ರು ಕೊಡುತ್ತೇನೆ ಅಂದಿದ್ದಾರೆ. ಬರುವವರು ಮನೆಯಿಂದ ಒಂದೊಂದು ತುಂಡು ಬಿಳೀ ಬಟ್ಟೆ ತನ್ನಿ.